ಆಮೆ ಕಣ್ಣು ಊದಿದೆ, ನೀರಲ್ಲಿ ಒಂದೇ ಕಡೆ ವಾಲಿ ತೇಲ್ತಾ ಇದೆ – ಮುಂಬೈಲಿ ಯಾರಿಗೆ ತೋರಿಸೋದು?

ಭಾಂಡುಪ್_ವಿದ್ಯಾ
ಎಲ್ರಿಗೂ ನಮಸ್ಕಾರ. ನಮ್ಮ ಮನೇಲಿ ಒಂದು ರೆಡ್ ಇಯರ್ಡ್ ಸ್ಲೈಡರ್ ಆಮೆ ಉಂಟು, ಕೆನ್ನೆಯಲ್ಲಿ ಕೆಂಪು ಪಟ್ಟಿ ಇರ್ತದಲ್ಲ ಅದು. ಮಗ ಚಿಂಟು ಅಂತ ಹೆಸರಿಟ್ಟಿದ್ದಾನೆ. ಕೆಲವು ದಿನದಿಂದ ಅದಕ್ಕೆ ಹುಷಾರಿಲ್ಲ, ಮೊದಲು ಒಂದು ಕಣ್ಣು ಊದಿತ್ತು ಆಮೇಲೆ ಎರಡೂ ಊದಿ ಪೂರ್ತಿ ಮುಚ್ಚಿಹೋಗಿದೆ, ಊಟ ಹಾಕಿದ್ರೆ ತಿರುಗಿಯೂ ನೋಡೂದಿಲ್ಲ, ಈಗ ನೀರಲ್ಲಿ ಬಲಗಡೆ ತಗ್ಗಿ ವಾಲಿ ತೇಲ್ತಾ ಇದೆ, ಕೆಳಗೆ ಹೋಗ್ಲಿಕ್ಕೆ ಕಾಲು ಬಡಿತದೆ ಆದ್ರೆ ಆಗೂದಿಲ್ಲ. ಮೂಗಿನ ಹತ್ರ ಸಣ್ಣ ಗುಳ್ಳೆ ಬರ್ತದೆ, ಒಮ್ಮೊಮ್ಮೆ ಕತ್ತು ಮೇಲೆ ಚಾಚಿ ಬಾಯಿ ತೆರೀತದೆ. ಅಂಗಡಿಯವ್ರು ಕಣ್ಣಿನ ಡ್ರಾಪ್ಸ್ ಕೊಟ್ರು, ಹಾಕ್ತಾ ಇದ್ದೇನೆ, ಏನೂ ವ್ಯತ್ಯಾಸ ಇಲ್ಲ. ನಮ್ಮ ಏರಿಯಾದ ನಾಯಿ ಡಾಕ್ಟ್ರು ಆಮೆ ನೋಡೂದಿಲ್ಲ ಅಂದ್ರು. ಇದು ಕಣ್ಣಿನ ಕಾಯಿಲೆಯಾ ಬೇರೆ ಏನಾದ್ರೂವಾ? ಯಾರಿಗೆ ತೋರಿಸ್ಬೇಕು? ದಯವಿಟ್ಟು ಗೊತ್ತಿದ್ದವ್ರು ಹೇಳಿ, ಮಗ ಶಾಲೆಯಿಂದ ಬಂದ ಕೂಡ್ಲೇ ಟ್ಯಾಂಕ್ ಮುಂದೆ ಕೂತ್ಕೊಳ್ತಾನೆ.

ಕೆರೆದಂಡೆ (ಪುಣೆ)
ವಿದ್ಯಾ ಅವರೇ, ಇದು ಬರೀ ಕಣ್ಣಿನದ್ದಲ್ಲ. ವಾಲಿ ತೇಲೋದು, ಮೂಗಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಡೋದು, ಈ ಮೂರೂ ಒಟ್ಟಿಗೆ ಇದ್ರೆ ಶ್ವಾಸಕೋಶದ ಸೋಂಕು ಅಂತಲೇ ಹಿಡಿದು ನಡೀಬೇಕು, ನ್ಯುಮೋನಿಯಾ. ಡಾಕ್ಟರ್ ಹತ್ರ ಹೋಗಲೇಬೇಕು, ಅದೂ ಇವತ್ತು ನಾಳೆಯಲ್ಲೇ, ಭಾನುವಾರದವರೆಗೆ ಕಾಯಬೇಡಿ. ಆಮೆ ಕಾಯಿಲೆನ ತುಂಬಾ ದಿನ ಮುಚ್ಚಿಟ್ಕೊಳತ್ತೆ, ನಮ್ಮ ಕಣ್ಣಿಗೆ ಕಾಣೋ ಹೊತ್ತಿಗೆ ಒಳಗೆ ಸಾಕಷ್ಟು ಮುಂದುವರೆದಿರತ್ತೆ.

ಅಲ್ಲಿವರೆಗೆ ಮೊದಲ ಕೆಲಸ, ಟ್ಯಾಂಕ್ ನೀರು ಇಳಿಸಿ. ನಿಂತ್ರೆ ಕತ್ತು ಆರಾಮಾಗಿ ಹೊರಗೆ ಬರೋ ಅಷ್ಟೇ ನೀರಿರ್ಲಿ, ಸುಸ್ತಾದ ಆಮೆ ಆಳದ ನೀರಲ್ಲಿ ಮುಳುಗಿ ಸಾಯತ್ತೆ, ಆಮೆ ಮುಳುಗಲ್ಲ ಅನ್ನೋದು ಸುಳ್ಳು. ನೀರು 28 ಡಿಗ್ರಿಗಿಂತ ಕೆಳಗೆ ಇಳಿಯೋದು ಬೇಡ. ಮತ್ತೆ ಕೆಲವು ಪ್ರಶ್ನೆ ಇದೆ: ನೀರು ಎಷ್ಟು ಡಿಗ್ರಿ ಇದೆ, ಹೀಟರ್ ಇದ್ಯಾ, ಪೂರ್ತಿ ಒಣಗೋಕೆ ಹತ್ತಿ ಕೂರೋ ಜಾಗ ಇದ್ಯಾ, ಅದರ ಮೇಲೆ ಯುವಿಬಿ ಲೈಟ್ (ಬಿಸಿಲಲ್ಲಿರೋ ನೇರಳಾತೀತ ಕಿರಣ ಕೊಡೋದು) ಇದ್ಯಾ, ಏನು ತಿನ್ನಿಸ್ತೀರಿ, ಟ್ಯಾಂಕ್ ಯಾವ ರೂಮಲ್ಲಿದೆ.

ಭಾಂಡುಪ್_ವಿದ್ಯಾ
ಥ್ಯಾಂಕ್ಸ್ ಸರ್. ನೀರು ಈಗಲೇ ಇಳಿಸಿದೆ. ಹೀಟರ್ ಇಲ್ಲ, ಮುಂಬೈಲಿ ಬೇಡ ಅಂತ ಅಂಗಡಿಯಲ್ಲಿ ಹೇಳಿದ್ದು. ಥರ್ಮಾಮೀಟರ್ ಇಲ್ಲ. ಟ್ಯಾಂಕ್ ಬೆಡ್‌ರೂಮಲ್ಲಿ ಉಂಟು, ರಾತ್ರಿ ಎಸಿ ಹಾಕ್ತೇವೆ. ಒಂದು ಪ್ಲಾಸ್ಟಿಕ್ ದ್ವೀಪ ಇದೆ, ಅದಕ್ಕೆ ಹತ್ತೂದು ಕಮ್ಮಿ. ಲೈಟ್ ಅಂದ್ರೆ ಟ್ಯಾಂಕ್ ಜೊತೆ ಬಂದ ನೀಲಿ ಎಲ್‌ಇಡಿ. ಬಿಸಿಲಿಗೆ ಕಿಟಕಿ ಹತ್ರ ಇಡ್ತಿದ್ದೆ, ಈಗ ಈ ಮಳೆಯಲ್ಲಿ ಬಿಸಿಲು ಎಲ್ಲಿಂದ. ಊಟ ಡಬ್ಬಿಯ ಒಣ ಸೀಗಡಿ, ಅದೇ ಇಷ್ಟ ಅದಕ್ಕೆ, ಬೇರೆ ಹಾಕಿದ್ರೆ ಮೂಸೂದಿಲ್ಲ.

ವೆಟ್_ಹುಡುಗ_ಪರೇಲ್
ಅಕ್ಕ ನಾನು ಇಲ್ಲಿ ವೆಟರ್ನರಿ ಓದ್ತಾ ಇದೀನಿ, ಇನ್ನೂ ಡಾಕ್ಟರ್ ಆಗಿಲ್ಲ, ಹಾಗಾಗಿ ಡೋಸ್ ಏನೂ ಹೇಳಲ್ಲ, ಆದ್ರೆ ನೀವು ಬರೆದಿದ್ದನ್ನ ನೋಡಿದ್ರೆ ಕಣ್ಣು ಮತ್ತೆ ಶ್ವಾಸಕೋಶ ಎರಡಕ್ಕೂ ಬೇರು ಒಂದೇ ಇರಬಹುದು ಅನ್ಸತ್ತೆ, ವಿಟಮಿನ್ ಎ ಕೊರತೆ.

ಸ್ವಲ್ಪ ಬಿಡಿಸಿ ಹೇಳ್ತೀನಿ. ಮರಿ ಮೊಟ್ಟೆಯಿಂದ ಬರುವಾಗ ಮೈಯಲ್ಲಿ ಸ್ವಲ್ಪ ವಿಟಮಿನ್ ಎ ಸಂಗ್ರಹ ಇಟ್ಕೊಂಡೇ ಬರತ್ತೆ, ಅದು ಕೆಲವು ತಿಂಗಳು ನಡೆಯತ್ತೆ. ಆಮೇಲೆ ಊಟದಿಂದ ಬರಬೇಕು. ಒಣ ಸೀಗಡಿಯಲ್ಲಿ ಅದು ಹೆಚ್ಚುಕಮ್ಮಿ ಇಲ್ಲ. ವಿಟಮಿನ್ ಎ ಕಮ್ಮಿ ಆದಾಗ ಕಣ್ಣಿನ ಗ್ರಂಥಿ, ಮೂಗು, ಗಂಟಲು, ಶ್ವಾಸನಾಳದ ಒಳಪದರ ಎಲ್ಲ ಒರಟಾಗಿ ದಪ್ಪ ಆಗ್ತಾ ಹೋಗತ್ತೆ. ಕಣ್ಣೀರಿನ ಗ್ರಂಥಿ ಕಟ್ಕೊಂಡು ರೆಪ್ಪೆ ಊದತ್ತೆ, ಒಳಗೆ ಕೀವು ಗಟ್ಟಿಯಾಗತ್ತೆ. ಆಮೆ ಕೀವು ನಮ್ಮ ಹಾಗೆ ನೀರಾಗಿರಲ್ಲ, ಪನೀರ್ ತುಂಡಿನ ಹಾಗಿರತ್ತೆ, ಅದಕ್ಕೇ ಡ್ರಾಪ್ಸ್ ಹಾಕಿದ್ರೂ ಒಳಗೆ ಹೋಗಲ್ಲ. ಅದೇ ಕಾರಣಕ್ಕೆ ಶ್ವಾಸನಾಳದ ಕಾವಲೂ ಹೋಗಿ ಬ್ಯಾಕ್ಟೀರಿಯಾ ಕೆಳಗಿಳಿಯತ್ತೆ. ಆಮೆಗೆ ನಮ್ಮ ಥರ ವಪೆ (ಎದೆ ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಕೆಮ್ಮಿ ಕಫ ಹೊರಗೆ ಹಾಕೋಕೆ ಬರಲ್ಲ, ಒಳಗೆ ಹೋಗಿದ್ದು ಅಲ್ಲೇ ಕೂತಿರತ್ತೆ. ಶ್ವಾಸಕೋಶ ಬೆನ್ನಿನ ಚಿಪ್ಪಿಗೆ ಅಂಟಿಕೊಂಡ ಹಾಗೆ ಮೇಲ್ಗಡೆ ಇರೋದ್ರಿಂದ ತೇಲೋದಕ್ಕೂ ಅದೇ ಆಧಾರ, ಒಂದು ಕಡೆ ದ್ರವ ತುಂಬಿದ್ರೆ ಆ ಕಡೆ ಭಾರ ಆಗಿ ತಗ್ಗತ್ತೆ. ಹೊಟ್ಟೆಯಲ್ಲಿ ಗ್ಯಾಸ್ ಆದ್ರೂ ವಾಲಿ ತೇಲತ್ತೆ, ಅದಕ್ಕೇ ಎಕ್ಸ್‌ರೇ ತೆಗೆಸ್ಲೇಬೇಕು, ನೋಡಿ ಹೇಳೋಕಾಗಲ್ಲ.

ಎಸಿ ರೂಮ್ ವಿಷಯ ಮುಖ್ಯ. ಆಮೆ ಮೈಗೆ ತನ್ನದೇ ಬಿಸಿ ಇಲ್ಲ, ನೀರು ಎಷ್ಟೋ ಅದೂ ಅಷ್ಟೇ, ತಣ್ಣಗಾದ್ರೆ ರೋಗ ನಿರೋಧಕ ಶಕ್ತಿ ಇಳಿಯತ್ತೆ, ಜೀರ್ಣ ಆಗಲ್ಲ, ಕೊಟ್ಟ ಔಷಧಿ ಸಹ ಸರಿಯಾಗಿ ಕೆಲಸ ಮಾಡಲ್ಲ. ಇವತ್ತೇ ಬೇರೆ ರೂಮಿಗೆ ತನ್ನಿ.

ತೋರಿಸೋದಕ್ಕೆ ಪರೇಲ್‌ಗೆ ಬನ್ನಿ. ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಅಲ್ಲೇ ಇದೆ, ಬಹಳ ಹಳೇದು, ವೆಟರ್ನರಿ ಕಾಲೇಜು 1886ರಲ್ಲಿ ಅದೇ ಆವರಣದಲ್ಲಿ ಶುರುವಾಗಿದ್ದು. ಬರೋ ಮೊದಲು ಫೋನ್ ಮಾಡಿ ಆಮೆ, ಹಾವು, ಪಕ್ಷಿ ನೋಡೋ ಡಾಕ್ಟ್ರು ಯಾವ ಹೊತ್ತಿಗೆ ಇರ್ತಾರೆ ಕೇಳಿ. ಖಾಸಗಿಯಾಗಿ ಹುಡುಕೋದಾದ್ರೆ 'ಎಕ್ಸಾಟಿಕ್ ಪೆಟ್ಸ್' ಅಂತ ಬೋರ್ಡ್ ಇದ್ದವರನ್ನ ನೋಡಿ, ಆದ್ರೆ ಬೋರ್ಡ್ ಸಾಕಾಗಲ್ಲ, ಆಮೆಗೆ ಎಕ್ಸ್‌ರೇ ಮಾಡಿದ್ದೀರಾ, ಇಂಜೆಕ್ಷನ್ ಕೊಟ್ಟಿದ್ದೀರಾ ಅಂತ ನೇರ ಕೇಳಿ.

ಡೊಂಬಿವಲಿ_ರೈ
ವಿದ್ಯಕ್ಕ, ಕೊಂಡೋಗುವಾಗ ನೀರಲ್ಲಿ ಹಾಕಿ ಕೊಂಡೋಗ್ಬೇಡಿ ಆಯ್ತಾ. ಗಾಳಿ ಆಡುವ ಪ್ಲಾಸ್ಟಿಕ್ ಡಬ್ಬ, ಕೆಳಗೆ ಒದ್ದೆ ಟವೆಲ್, ಮೇಲೆ ಇನ್ನೊಂದು ಬಟ್ಟೆ ಮುಚ್ಚಿ ಕತ್ತಲೆ ಮಾಡಿ, ಸುಮ್ನೆ ಕೂರ್ತದೆ. ನೀವು ಭಾಂಡುಪ್‌ನಿಂದ ಸ್ಲೋ ಲೋಕಲ್ ಹಿಡಿದ್ರೆ ಸೀದಾ ಪರೇಲ್, ಮಧ್ಯಾಹ್ನ ಹೋಗಿ ರಶ್ ಇರೂದಿಲ್ಲ. ಕ್ಯಾಬಲ್ಲಿ ಹೋದ್ರೆ ಎಸಿ ಬಂದ್ ಮಾಡ್ಸಿ. ಟ್ಯಾಂಕಿನ ಫೋಟೊ, ಊಟದ ಡಬ್ಬಿಯ ಫೋಟೊ, ಅದು ವಾಲಿ ತೇಲುವ ವಿಡಿಯೊ ಮೊಬೈಲಲ್ಲಿ ಇರ್ಲಿ, ಡಾಕ್ಟ್ರ ಟೇಬಲ್ ಮೇಲೆ ಇಟ್ಟಾಗ ಅದು ಚಿಪ್ಪೊಳಗೆ ಹೋಗಿ ಕೂತ್ಕೊಳ್ತದೆ, ಏನೂ ಕಾಣೂದಿಲ್ಲ.

ಪಾಟೀಲ_ಕಾತ್ರಜ್
ಅಕ್ಕಾರ ಒಂದ್ ಮಾತ್ ಹೇಳ್ತೀನ್ರಿ, ಅಂಗಡಿ ಮಂದಿ ಮಾತ್ ಕೇಳಬ್ಯಾಡ್ರಿ ಇನ್ನ. ನಮ್ಮ ಮನ್ಯಾಗೂ ಒಂದ್ ಐತಿ, ಡಿಸೆಂಬರ್‌ದಾಗ ಪುಣೇದಾಗ ರಾತ್ರಿ 10 ಡಿಗ್ರಿ ಆಸುಪಾಸು ಬರ್ತೈತಿ, ಹೀಟರ್ ಇಲ್ದ ನಡಿಯಂಗೇ ಇಲ್ಲ. ಕೆರೆದಂಡೆ ಸರ, ಮಳಿಗಾಲದಾಗ ನಮ್ಮದಕ್ಕ ಬೆನ್ನಿನ ಚಿಪ್ಪಿನ ಮ್ಯಾಲ ಬೆಳ್ಳನ ಮಚ್ಚಿ ಬಂದಾವ, ಒಂದ್ ಕಡೆ ಉಗುರಿಲೆ ಒತ್ತಿದ್ರ ಮೆತ್ತಗ ಅನಸ್ತೈತಿ, ಸ್ವಲ್ಪ ವಾಸನಿನೂ ಬರ್ತೈತಿ. ನಮ್ಮವ್ವ ಅರಿಶಿಣ ಮತ್ತ ಕೊಬ್ರಿ ಎಣ್ಣಿ ಹಚ್ಚು ಅಂತಾರ. ಹಚ್ಚಬಹುದೇನ್ರಿ?

ಕೆರೆದಂಡೆ (ಪುಣೆ)
ಪಾಟೀಲರೇ, ಎಣ್ಣೆ ಬೇಡ, ಅಮ್ಮನಿಗೆ ಬೇಜಾರಾಗದ ಹಾಗೆ ಹೇಳಿ. ಎಣ್ಣೆ ಹಚ್ಚಿದ್ರೆ ಆ ಕೊಳೆತ ಜಾಗದ ಮೇಲೆ ಮುಚ್ಚಳ ಹಾಕಿದಂತೆ ಆಗತ್ತೆ, ಒಳಗೆ ಗಾಳಿ ಬೇಡದ ಬ್ಯಾಕ್ಟೀರಿಯಾ ಬೆಳೆಯತ್ತೆ. ಅರಿಶಿನದ ಬಣ್ಣದಲ್ಲಿ ಗಾಯ ಎಷ್ಟು ಹರಡಿದೆ ಅನ್ನೋದೇ ಕಾಣಲ್ಲ.

ಬೆಳ್ಳಗೆ ಕಂಡಿದ್ದೆಲ್ಲ ಕೊಳೆತ ಅಲ್ಲ. ಸ್ಲೈಡರ್ ಬೆಳೆಯುವಾಗ ಚಿಪ್ಪಿನ ಮೇಲಿನ ಒಂದೊಂದು ಬಿಲ್ಲೆ ತೆಳ್ಳಗೆ ಗಾಜಿನ ಹಾಳೆ ಥರ ಎದ್ದು ಉದುರತ್ತೆ, ಕೆಳಗೆ ಹೊಸ ಗಟ್ಟಿ ಚಿಪ್ಪು ಇರತ್ತೆ, ಅದು ಸಹಜ, ಕೀಳಬಾರದು. ಗಟ್ಟಿ ನೀರಿನ ಸುಣ್ಣದ ಕಲೆಯೂ ಬೆಳ್ಳಗೇ ಇರತ್ತೆ. ಆದ್ರೆ ನೀವು ಹೇಳಿದ ಹಾಗೆ ಮೆತ್ತಗಿದ್ದು ವಾಸನೆ ಬಂದ್ರೆ ಅದು ಶೆಲ್ ರಾಟ್, ಅಂದ್ರೆ ಚಿಪ್ಪು ಕೊಳೆಯೋ ಸೋಂಕು. ಮಳೆಗಾಲದಲ್ಲಿ ಜಾಸ್ತಿ ಯಾಕಂದ್ರೆ ಬಿಸಿಲಿಲ್ಲ, ಆಮೆ ಹತ್ತಿ ಕೂತ್ರೂ ಚಿಪ್ಪು ಪೂರ್ತಿ ಒಣಗಲ್ಲ, ಜೊತೆಗೆ ನೀರು ಕೊಳೆ ಇದ್ರೆ ಮುಗೀತು.

ಮೇಲ್ಮೈಲಿ ಮಾತ್ರ ಇದ್ರೆ ಮೆತ್ತನೆ ಟೂತ್‌ಬ್ರಶ್‌ನಿಂದ ತೊಳೆದು, ಪೊವಿಡೋನ್ ಅಯೋಡಿನ್‌ನ ನೀರಲ್ಲಿ ತೆಳ್ಳನೆ ಚಹಾ ಬಣ್ಣ ಬರೋವರೆಗೆ ಕರಗಿಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಆಮೇಲೆ ಸಿಲ್ವರ್ ಸಲ್ಫಾಡಯಜಿನ್ ಮುಲಾಮು ತೆಳ್ಳಗೆ, ಅದೇ ಸುಟ್ಟ ಗಾಯಕ್ಕೆ ಹಚ್ತಾರಲ್ಲ ಅದು. ಆಮೇಲೆ ಬೆಚ್ಚಗಿನ ಒಣ ಡಬ್ಬದಲ್ಲಿ ಹಗಲೆಲ್ಲ ಬಿಡಿ, ದಿನಕ್ಕೆ ಎರಡು ಸಲ ನೀರಿಗೆ ಬಿಟ್ಟು ಕುಡಿಸಿ ತಿನ್ನಿಸಿ, ನೀರಿನ ಆಮೆ ನೀರಿಲ್ಲದೆ ನುಂಗಲ್ಲ. ಆದ್ರೆ ನಿಮ್ಮದರಲ್ಲಿ ಒತ್ತಿದ್ರೆ ಮೆತ್ತಗಿದೆ ಅಂತೀರಿ, ಅಂದ್ರೆ ಮೂಳೆವರೆಗೆ ಇಳಿದಿರಬಹುದು, ಆ ಸತ್ತ ಭಾಗವನ್ನ ಡಾಕ್ಟ್ರೇ ಕೆರೆದು ತೆಗೀಬೇಕು. ಇನ್ನೊಂದು, ಹೊಟ್ಟೆ ಕಡೆ ಚಿಪ್ಪು ತಿರುಗಿಸಿ ನೋಡಿ. ಅಲ್ಲಿ ಗುಲಾಬಿ ಕೆಂಪು ಛಾಯೆ ಹರಡಿದ್ರೆ ಸೋಂಕು ರಕ್ತಕ್ಕೆ ಹೋಗಿದೆ ಅಂತ ಅರ್ಥ, ಆಗ ಒಂದು ರಾತ್ರಿನೂ ಕಾಯಬಾರದು.

ಪಾಟೀಲ_ಕಾತ್ರಜ್
ನೋಡಿದ್ನಿರಿ ಸರ, ಹೊಟ್ಟಿ ಕಡೆ ಹಳದಿನೇ ಐತಿ, ಕೆಂಪು ಏನಿಲ್ಲ. ನಾಳೆ ಮುಂಜಾನೆನ ತೋರಸ್ತೀನಿ. ಮತ್ತ ಹಾಲಿನಾಗ ಬಿಸಿಲು ಬರೂ ಕಿಡಕಿ ಐತಿ, ಗಾಜಿನ ಒಳಗ ಇಟ್ರ ನಡೀತೈತೇನ್ರಿ?

ಕೆರೆದಂಡೆ (ಪುಣೆ)
ಗಾಜಿನ ಮೂಲಕ ಬರೋ ಬಿಸಿಲಲ್ಲಿ ಯುವಿಬಿ ಇರಲ್ಲ, ಗಾಜು ಅದನ್ನ ತಡೆಯತ್ತೆ. ಶಾಖ ಮಾತ್ರ ಬರತ್ತೆ. ಯುವಿಬಿ ಇಲ್ಲದೆ ಮೈಯಲ್ಲಿ ವಿಟಮಿನ್ ಡಿ3 ತಯಾರಾಗಲ್ಲ, ಡಿ3 ಇಲ್ಲದೆ ಕ್ಯಾಲ್ಸಿಯಂ ಎಷ್ಟು ತಿನ್ನಿಸಿದ್ರೂ ಹಿಡಿಯಲ್ಲ, ಕೊನೆಗೆ ಚಿಪ್ಪೆಲ್ಲ ರಬ್ಬರ್ ಆಗತ್ತೆ, ದವಡೆ ಮೆತ್ತಗಾಗತ್ತೆ, ಕಾಲು ಎಳೆಯತ್ತೆ. ಮೂಳೆ ಕಾಯಿಲೆ ಅದು, ಮರಿಗಳಲ್ಲಿ ಬಹಳ. ಹೊರಗೆ ನಿಜವಾದ ಬಿಸಿಲಿಗೆ ಬಿಡೋದಾದ್ರೆ ಬೆಳಿಗ್ಗೆ, ಅರ್ಧ ಭಾಗ ನೆರಳಿರೋ ಟಬ್‌ನಲ್ಲಿ, ನೀವು ಪಕ್ಕದಲ್ಲೇ ಇರುವಾಗ, ಗಾಳಿಯಲ್ಲಿ ಹದ್ದು ಕಾಗೆ ಇದಾವೆ. ಗಾಜಿನ ಟ್ಯಾಂಕ್ ಸಮೇತ ಬಿಸಿಲಿಗೆ ಇಟ್ರೆ ನೀರು ಕಾದು ಆಮೆ ಬೆಂದುಹೋಗತ್ತೆ. ಮಳೆಗಾಲ ಮತ್ತೆ ಫ್ಲ್ಯಾಟ್ ಜೀವನಕ್ಕೆ ರೆಪ್ಟೈಲ್ ಯುವಿಬಿ ಟ್ಯೂಬೇ ದಾರಿ, ಕೂರೋ ಜಾಗದ ಮೇಲೆ, ಮಧ್ಯೆ ಗಾಜು ಪ್ಲಾಸ್ಟಿಕ್ ಏನೂ ಇಲ್ಲದ ಹಾಗೆ, ಮತ್ತೆ 6ರಿಂದ 12 ತಿಂಗಳಿಗೆ ಬದಲಾಯಿಸಬೇಕು, ಬೆಳಕು ಬರ್ತಾನೇ ಇರತ್ತೆ ಆದ್ರೆ ಯುವಿಬಿ ಇಳಿದಿರತ್ತೆ.

ಮಡಗಾಂವ್_ಸುಮಾ
ನಾನೂ ಒಂದು ಕೇಳ್ಲಾ? ನಮ್ಮದು ದೊಡ್ಡ ಹೆಣ್ಣು, ಊಟದ ತಟ್ಟೆಯಷ್ಟು ಅಗಲ. ಎರಡು ದಿನದಿಂದ ಊಟ ಬಿಟ್ಟಿದೆ, ಟ್ಯಾಂಕ್ ತುಂಬ ಓಡಾಡ್ತದೆ, ಹೊರಗೆ ಬಿಟ್ರೆ ಮೂಲೆಯಲ್ಲಿ ಹಿಂಗಾಲಿನಿಂದ ನೆಲ ಕೆರೀತದೆ. ಕಣ್ಣು ಮೂಗು ಎಲ್ಲ ಸ್ವಚ್ಛ ಇದೆ. ಗಂಡು ಆಮೆ ಯಾವತ್ತೂ ಜೊತೆಗೆ ಇರ್ಲೇ ಇಲ್ಲ. ಇದೂ ಕಾಯಿಲೆಯಾ?

ವೆಟ್_ಹುಡುಗ_ಪರೇಲ್
ಸುಮಾ ಅವ್ರೇ ಮೊಟ್ಟೆ ಇಡೋಕೆ ಜಾಗ ಹುಡುಕ್ತಾ ಇರೋ ಲಕ್ಷಣ. ಗಂಡು ಬೇಕಿಲ್ಲ, ಒಂಟಿ ಹೆಣ್ಣೂ ಮೊಟ್ಟೆ ಇಡತ್ತೆ, ಮರಿ ಆಗಲ್ಲ ಅಷ್ಟೇ. ದೊಡ್ಡ ಟಬ್‌ನಲ್ಲಿ ಮರಳು ಮಣ್ಣು ಬೆರೆಸಿ, ಅದರ ಚಿಪ್ಪಿನ ಉದ್ದಕ್ಕಿಂತ ಆಳ ಇರೋ ಹಾಗೆ ತುಂಬಿ, ಸ್ವಲ್ಪ ತೇವ ಮಾಡಿ, ಯಾರೂ ಓಡಾಡದ ಜಾಗದಲ್ಲಿ ಬಿಟ್ಟು ಬನ್ನಿ. ನೋಡ್ತಾ ನಿಂತ್ರೆ ಇಡಲ್ಲ. ಜಾಗ ಸಿಗದೇ ತಡೆದುಕೊಂಡ್ರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳತ್ತೆ, ಅದು ಅಪಾಯ. ಚುರುಕಾಗಿದ್ರೆ ಒಂದೆರಡು ದಿನ ಮರಳಿನ ಟಬ್ ಕೊಟ್ಟು ನೋಡಬಹುದು, ಆದ್ರೆ ಮಂಕಾಗಿ ಬಿದ್ದುಕೊಂಡ್ರೆ, ತಿಣುಕಿದ್ರೆ, ಹಿಂದಿನಿಂದ ಮಾಂಸ ಹೊರಗೆ ಬಂದ್ರೆ ತಕ್ಷಣ ಎಕ್ಸ್‌ರೇ. ಎಷ್ಟು ಮೊಟ್ಟೆ ಇವೆ, ದಾರಿಗೆ ಅಡ್ಡ ಏನಾದ್ರೂ ಇದ್ಯಾ ನೋಡಿ ಕ್ಯಾಲ್ಸಿಯಂ, ಮತ್ತೆ ಮೊಟ್ಟೆ ಹೊರಗೆ ತಳ್ಳಿಸೋ ಹಾರ್ಮೋನ್ ಆಕ್ಸಿಟೋಸಿನ್ ಕೊಡ್ತಾರೆ, ಆಮೆಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡತ್ತೆ. ಎಕ್ಸ್‌ರೇ ಇಲ್ಲದೆ ಕೊಡೋಕೆ ಬಿಡಬೇಡಿ, ಮೊಟ್ಟೆ ಅಡ್ಡ ಸಿಕ್ಕಿಕೊಂಡಿದ್ರೆ ಒಳಗೆ ಹರಿಯತ್ತೆ.

ಮಾಂಸ ಹೊರಗೆ ಬರೋ ವಿಷಯ ಎಲ್ಲರಿಗೂ ಹೇಳ್ತೀನಿ, ಗಂಡಾದ್ರೆ ಒಮ್ಮೊಮ್ಮೆ ಕಪ್ಪಗಿನ ಅಂಗ ಹೊರಗೆ ಹಾಕಿ ಕೆಲವೇ ನಿಮಿಷದಲ್ಲಿ ಒಳಗೆ ಎಳ್ಕೊಳತ್ತೆ, ಅದು ಸಹಜ. ವಾಪಸ್ ಹೋಗದಿದ್ರೆ ಮಾತ್ರ ಬೇರೆ ಆಮೆಗಳಿಂದ ಬೇರೆ ಮಾಡಿ ಒಣಗದಂತೆ ಒದ್ದೆ ಬಟ್ಟೆಯಲ್ಲಿ ಇಟ್ಟು ಅದೇ ದಿನ ಕರ್ಕೊಂಡು ಹೋಗಿ.

ಮಡಗಾಂವ್_ಸುಮಾ
ಅಯ್ಯೋ ದೇವ್ರೆ ಸಮಾಧಾನ ಆಯ್ತು. ಮರಳು ಮಣ್ಣು ಈಗಲೇ ತರಿಸ್ತೆ. ಇಲ್ಲಿ ಗೋವಾದಲ್ಲಿ ಒಬ್ರು ಹೇಳಿದ್ರು ಇಷ್ಟು ದೊಡ್ಡದಾದ್ಮೇಲೆ ಸಾಕೋದು ಕಷ್ಟ, ಊರಿನ ಕೆರೆಗೋ ಸಮುದ್ರಕ್ಕೋ ಬಿಟ್ಬಿಡಿ, ಮೊರ್ಜಿಮ್, ಗಾಲ್ಜಿಬಾಗಲ್ಲಿ ಆಮೆ ಬರ್ತಾವಲ್ಲ ಅಲ್ಲಿ ಸೇರ್ಕೊಳ್ತದೆ ಅಂತ.

ಕೆರೆದಂಡೆ (ಪುಣೆ)
ದಯವಿಟ್ಟು ಬಿಡಬೇಡಿ ಸುಮಾ ಅವ್ರೇ, ಕೈಮುಗಿದು ಕೇಳ್ತೀನಿ. ಮೊರ್ಜಿಮ್, ಆಗೊಂಡ, ಗಾಲ್ಜಿಬಾಗಕ್ಕೆ ಬರೋದು ಆಲಿವ್ ರಿಡ್ಲಿ, ಸಮುದ್ರದ ಆಮೆ. ನಿಮ್ಮದು ಅಮೆರಿಕ ಮೂಲದ ಸಿಹಿನೀರಿನ ಆಮೆ, ಸಮುದ್ರಕ್ಕೆ ಬಿಟ್ರೆ ಸಾಯತ್ತೆ. ಕೆರೆಗೆ ಬಿಟ್ರೆ ಅದು ಬದುಕತ್ತೆ, ನಮ್ಮ ಆಮೆಗಳು ಕಷ್ಟಕ್ಕೆ ಬೀಳ್ತಾವೆ. ಬಿಸಿಲು ಕಾಯೋ ಜಾಗ, ಊಟ ಎಲ್ಲ ಕಿತ್ಕೊಳತ್ತೆ, ನಮ್ಮ ಮನೆಯ ಕಾಯಿಲೆಯನ್ನ ಕೆರೆಗೂ ಹಚ್ಚತ್ತೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಈ ಒಂದು ವಿಷಯದಲ್ಲಿ ನನಗೆ ಸಿಟ್ಟು ಬರತ್ತೆ, ಕಾಯಿನ್ ಗಾತ್ರದ ಮರಿ ಅಂತ ಮಾರ್ತಾರೆ, ಹೆಣ್ಣು 25ರಿಂದ 30 ಸೆಂಟಿಮೀಟರ್‌ವರೆಗೆ ಬೆಳೆದು 20, 30 ವರ್ಷ ಬದುಕತ್ತೆ ಅಂತ ಕೊಳ್ಳುವಾಗ ಯಾರೂ ಹೇಳಲ್ಲ. ಸಾಕೋಕೆ ಆಗದಿದ್ರೆ ಜಾಗ ಇರೋ ಇನ್ನೊಬ್ಬ ಸಾಕುವವರಿಗೆ ಕೊಡಿ.

ವಾಸ್ಕೋ_ಬಸು
ಅಣ್ಣಾರ ನಂದೂ ಒಂದ್ ಐತ್ರಿ ಪ್ರಶ್ನೆ. ನಮ್ಮ ಗೆಳೆಯನ ಮನ್ಯಾಗ ನಕ್ಷತ್ರ ಆಮೆ ಐತಿ, ನೆಲದ ಮ್ಯಾಲಿಂದು, ಚಿಪ್ಪಿನ ಮ್ಯಾಲ ಹಳದಿ ಗೆರಿ. ಅದರ ಮೂಗಿನಾಗೂ ನೀರು ಸುರೀತೈತಿ. ನೀರಿನ ಆಮೆಗೆ ಹೇಳಿದ್ದ ಔಷಧ ಅದಕ್ಕೂ ನಡೀತದೇನು?

ವೆಟ್_ಹುಡುಗ_ಪರೇಲ್
ಬಸು ಅಣ್ಣ, ಔಷಧಕ್ಕಿಂತ ಮೊದಲು ಇನ್ನೊಂದು ವಿಷಯ. ನಕ್ಷತ್ರ ಆಮೆ ಮನೇಲಿ ಇಟ್ಕೊಳ್ಳೋ ಹಾಗಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972, ಅದರ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ನಕ್ಷತ್ರ ಆಮೆ ಶೆಡ್ಯೂಲ್ 1ರಲ್ಲಿ, ಅಂದ್ರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ ಬರತ್ತೆ, 3ರಿಂದ 7 ವರ್ಷ ಜೈಲು ಆಗಬಹುದು. ನಮ್ಮ ಕೆರೆಗಳ ಫ್ಲ್ಯಾಪ್‌ಶೆಲ್ ಆಮೆಗೂ ಹಾಗೇ ರಕ್ಷಣೆ ಇದೆ. ಅದೃಷ್ಟ ಬರತ್ತೆ ಅಂತ ಇಟ್ಕೊಳ್ತಾರೆ, ಮೂಗು ಸೋರ್ತಾ ಸಾಯತ್ತೆ ಪಾಪ. ಗೆಳೆಯರಿಗೆ ಹೇಳಿ ಗೋವಾ ಅರಣ್ಯ ಇಲಾಖೆಗೆ ತಾವಾಗೇ ಒಪ್ಪಿಸಲಿ, ಚಿಕಿತ್ಸೆ ಅವರ ಕಡೆಯಿಂದ ಆಗತ್ತೆ. ಮಹಾರಾಷ್ಟ್ರದಲ್ಲಿರೋರು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಬಹುದು. ಕಾಡಿಗೋ ಗುಡ್ಡಕ್ಕೋ ತಾವೇ ಬಿಡೋದು ಬೇಡ, ಕಾಯಿಲೆ ಇರೋ ಪ್ರಾಣಿ.

ಮತ್ತೆ ಇಲ್ಲಿ ಎಲ್ಲರೂ ಓದ್ತಾ ಇರೋದ್ರಿಂದ ದಪ್ಪ ಅಕ್ಷರದಲ್ಲಿ ಓದ್ಕೊಳ್ಳಿ, ಐವರ್ಮೆಕ್ಟಿನ್ ಆಮೆಗೆ ವಿಷ. ನಾಯಿ, ದನಕ್ಕೆ ಹುಳಕ್ಕೆ ಕೊಡೋ ಔಷಧಿ ಅದು, ಆಮೆಗೆ ಕೊಟ್ರೆ ಕೈಕಾಲು ಸೋತು ಸಾಯತ್ತೆ, ನೀರಿನದ್ದಿರಲಿ ನೆಲದ್ದಿರಲಿ. ಯಾವ ಮೆಡಿಕಲ್‌ನವ್ರು ಏನೇ ಹೇಳಿದ್ರೂ ಹಾಕಬೇಡಿ. ವಿಟಮಿನ್ ಎ ಕೂಡ ಮನೇಲಿ ಕ್ಯಾಪ್ಸೂಲ್ ಒಡೆದು ಹಾಕೋದು ಬೇಡ, ಜಾಸ್ತಿ ಆದ್ರೆ ಚರ್ಮ ಸುಲಿದು ಹಸಿ ಮಾಂಸ ಕಾಣತ್ತೆ, ಅದು ಕೊರತೆಗಿಂತ ಕಷ್ಟ.

ಭಾಂಡುಪ್_ವಿದ್ಯಾ
ಎಲ್ಲರಿಗೂ ಅಪ್ಡೇಟ್. ಪರೇಲ್‌ಗೆ ಹೋಗಿ ಬಂದೆವು. ಮಗನೂ ಶಾಲೆಗೆ ರಜೆ ಹಾಕಿ ಬಂದ, ಡಬ್ಬ ತೊಡೆ ಮೇಲಿಂದ ಇಳಿಸ್ಲೇ ಇಲ್ಲ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶ ಬೆಳ್ಳಗೆ ಕಾಣ್ತದೆ, ನೀವು ಹೇಳಿದ ಹಾಗೇ ನ್ಯುಮೋನಿಯಾ, ಕಣ್ಣಿಗೆ ವಿಟಮಿನ್ ಎ ಕೊರತೆ. ರೆಪ್ಪೆ ಒಳಗಿನ ಗಟ್ಟಿ ಕೀವು ಸಲೈನ್ ಹಾಕಿ ನಿಧಾನ ತೆಗೆದ್ರು, ನೋಡ್ಲಿಕ್ಕೆ ಆಗ್ಲಿಲ್ಲ ನನಗೆ ಆದ್ರೆ ತೆಗೆದ ಮೇಲೆ ಒಂದು ಕಣ್ಣು ಸಣ್ಣಕ್ಕೆ ತೆರೀತು ಮಾರಾಯ್ರೆ! ವಿಟಮಿನ್ ಎ ಒಂದು ಇಂಜೆಕ್ಷನ್, ಮತ್ತೆ ಸೆಫ್ಟಾಜಿಡಿಮ್ ಅಂತ ಆಂಟಿಬಯೋಟಿಕ್, ಮೂರು ದಿನಕ್ಕೊಮ್ಮೆ ಅಂತೆ. ಮೂರು ದಿನಕ್ಕೊಮ್ಮೆ ಸಾಕಾಗ್ತದಾ? ನಮಗೆಲ್ಲ ದಿನಕ್ಕೆ ಮೂರು ಸಲ ಅಲ್ವಾ ಕೊಡೂದು.

ವೆಟ್_ಹುಡುಗ_ಪರೇಲ್
ಸಾಕಾಗತ್ತೆ ಅಕ್ಕ. ಆಮೆ ದೇಹ ನಿಧಾನ, ಔಷಧಿ ಹೊರಗೆ ಹೋಗೋದೂ ನಿಧಾನ, ಒಂದು ಡೋಸ್ 72 ಗಂಟೆ ನಿಲ್ಲತ್ತೆ. ಬೇಗ ಗುಣ ಆಗ್ಲಿ ಅಂತ ನಡುವೆ ಕೊಡೋಕೆ ಹೋಗಬೇಡಿ. ಇಂಜೆಕ್ಷನ್ ಮುಂಗಾಲಿಗೇ ಕೊಟ್ಟಿರ್ತಾರೆ, ಹಿಂಗಾಲಿನ ರಕ್ತ ಮೊದಲು ಕಿಡ್ನಿ ಕಡೆ ಹೋಗೋದ್ರಿಂದ ಮುಂದಿನ ಭಾಗಕ್ಕೆ ಕೊಡೋದು ರೂಢಿ. ತೂಕ ಎಷ್ಟು ಬಂತು? ಗ್ರಾಂ ಲೆಕ್ಕದಲ್ಲಿ ಡೋಸ್ ಇರತ್ತೆ, ಅಡಿಗೆ ಮನೆಯ ಡಿಜಿಟಲ್ ತಕ್ಕಡಿ ಥರದ್ದೊಂದು ಆಮೆಗೇ ಅಂತ ಬೇರೆ ಇಟ್ಕೊಂಡು ಪ್ರತಿ ವಾರ ತೂಗಿ ಬರೆದಿಡಿ. ಊಟ ಬಿಟ್ಟಿದೆ ಅನ್ನೋದಕ್ಕಿಂತ ಮೊದಲೇ ತೂಕ ಹೇಳತ್ತೆ.

ಡೊಂಬಿವಲಿ_ರೈ
ಅದೇ ತಕ್ಕಡಿ ಮತ್ತೆ ಹಿಟ್ಟು ತೂಗ್ಲಿಕ್ಕೆ ಬೇಡ ಆಯ್ತಾ ವಿದ್ಯಕ್ಕ. ಆಮೆ ನೋಡ್ಲಿಕ್ಕೆ ಎಷ್ಟೇ ಆರೋಗ್ಯವಾಗಿದ್ರೂ ಸಾಲ್ಮೊನೆಲ್ಲಾ ಅಂತ ವಾಂತಿ ಭೇದಿ ತರುವ ಬ್ಯಾಕ್ಟೀರಿಯಾ ಹೊತ್ತಿರಬಹುದು. ಅಮೆರಿಕದಲ್ಲಿ 4 ಇಂಚಿಗಿಂತ ಸಣ್ಣ ಆಮೆ ಸಾಕ್ಲಿಕ್ಕೆ ಅಂತ ಮಾರುವುದನ್ನು 1975ರಲ್ಲೇ ನಿಲ್ಲಿಸಿದ್ದು ಇದೇ ಕಾರಣಕ್ಕೆ, ಮಕ್ಕಳು ಬಾಯಿಗೆ ಹಾಕಿಕೊಳ್ತಿದ್ರು. ಟ್ಯಾಂಕ್ ನೀರು ಅಡಿಗೆ ಸಿಂಕಿಗೆ ಚೆಲ್ಲಬೇಡಿ, ಟಾಯ್ಲೆಟ್‌ಗೆ ಚೆಲ್ಲಿ, ಮಗ ಮುಟ್ಟಿದ ಕೂಡ್ಲೇ ಸೋಪ್ ಹಾಕಿ ಕೈ ತೊಳೀಲಿ, ಮುತ್ತು ಕೊಡೂದು ಬೇಡ. ಮನೇಲಿ 5 ವರ್ಷಕ್ಕಿಂತ ಸಣ್ಣ ಮಕ್ಕಳು, ಬಸುರಿ ಹೆಂಗಸರು, ವಯಸ್ಸಾದವ್ರು ಇದ್ರೆ ಇನ್ನೂ ಜಾಗ್ರತೆ.

ಭಾಂಡುಪ್_ವಿದ್ಯಾ
ಹೂಂ ರೈಯವ್ರೆ, ಅತ್ತೆ ಇದ್ದಾರೆ ಮನೇಲಿ, ಅವರಿಗೂ ಹೇಳಿದೆ. ಟ್ಯಾಂಕ್ ಹಾಲ್‌ಗೆ ಬಂತು, ಹೀಟರ್ ತಂದೆವು, ಥರ್ಮಾಮೀಟರ್ 28 ತೋರಿಸ್ತದೆ. ಊಟ ಏನು ಕೊಡ್ಲಿ ಹೇಳಿ, ಸೀಗಡಿ ಬಂದ್ ಮಾಡಿದ್ದೇನೆ.

ಕೆರೆದಂಡೆ (ಪುಣೆ)
ಹೀಟರ್ ಗಾಜಿನದ್ದಾದ್ರೆ ಸುತ್ತ ಪ್ಲಾಸ್ಟಿಕ್ ಜಾಲರಿ ಹಾಕಿ, ಆಮೆ ಗುದ್ದಿ ಒಡೆದ್ರೆ ಕರೆಂಟ್ ಹೊಡೆಯತ್ತೆ. ನೀರು ಕಮ್ಮಿ ಇರೋದ್ರಿಂದ ಅಡ್ಡ ಮಲಗಿಸಿ ಪೂರ್ತಿ ಮುಳುಗಿರೋ ಹಾಗೆ ಇಡಿ. ನಲ್ಲಿ ನೀರಿನ ಕ್ಲೋರಿನ್ ಕಣ್ಣು ಉರಿಸತ್ತೆ, ಡಿಕ್ಲೋರಿನೇಟರ್ ಹಾಕಿ ಇಲ್ಲ ಒಂದು ದಿನ ತೆರೆದಿಟ್ಟು ಬಳಸಿ. ಕಣ್ಣು ಊದೋಕೆ ಕೊಳೆ ನೀರೂ ಒಂದು ಕಾರಣ, ಫಿಲ್ಟರ್ ದೊಡ್ಡದೇ ಬೇಕು, ಮೀನಿಗಿಂತ ಆಮೆ ತುಂಬಾ ಗಲೀಜು ಮಾಡತ್ತೆ.

ಊಟಕ್ಕೆ ಒಳ್ಳೆ ಆಮೆ ಪೆಲೆಟ್ ಮೂಲ ಆಹಾರ ಇರ್ಲಿ. ಜೊತೆಗೆ ತುರಿದ ಕ್ಯಾರೆಟ್, ಸಿಹಿಕುಂಬಳ, ನುಗ್ಗೆಸೊಪ್ಪು. ಒಮ್ಮೊಮ್ಮೆ ಕೋಳಿ ಲಿವರ್ ಬೇಯಿಸಿದ ಚಿಕ್ಕ ಚೂರು, ಅದರಲ್ಲಿ ವಿಟಮಿನ್ ಎ ನೇರವಾಗಿ ಇದೆ, ಆದ್ರೆ ಈಗ ಇಂಜೆಕ್ಷನ್ ಕೊಟ್ಟಿದ್ದಾರಲ್ಲ, ಡಾಕ್ಟ್ರನ್ನ ಕೇಳಿಯೇ ಶುರು ಮಾಡಿ. ಪಾಲಕ್ ದಿನಾ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂನ ಕಟ್ಟಿಹಾಕತ್ತೆ. ಕ್ಯಾಲ್ಸಿಯಂಗೆ ಕಟಲ್ ಬೋನ್ (ಕಟಲ್ ಮೀನಿನ ಒಳಗಿನ ಬಿಳಿ ಚಿಪ್ಪು) ಒಂದು ತುಂಡು ನೀರಲ್ಲಿ ತೇಲಿಬಿಡಿ, ಪಕ್ಷಿ ಸಾಮಾನಿನ ಅಂಗಡೀಲಿ ಸಿಗತ್ತೆ. ಸೀಗಡಿ ರುಚಿ ಹತ್ತಿದ ಆಮೆ ಪೆಲೆಟ್ ಮೂಸಲ್ಲ, ಸೀಗಡಿ ನೆನೆಸಿದ ನೀರಲ್ಲಿ ಪೆಲೆಟ್ ಅದ್ದಿ ಕೊಡಿ, ವಾಸನೆಗೆ ಬರತ್ತೆ. ಬಾಯಿ ಬಿಡಿಸಿ ತುರುಕಬೇಡಿ, ಶ್ವಾಸಕೋಶ ಹಾಳಾಗಿರೋವಾಗ ಊಟ ಶ್ವಾಸನಾಳಕ್ಕೆ ಇಳಿಯಬಹುದು.

ಪಾಟೀಲ_ಕಾತ್ರಜ್
ಸರ ತೋರಿಸ್ಕೊಂಡ್ ಬಂದ್ನಿರಿ. ಒಂದ್ ಜಾಗಾದಾಗ ಕೆರದು ತಗದಾರ, ಮೂಳಿಗೆ ಮುಟ್ಟಿಲ್ಲ ಅಂದ್ರು. ಒಣ ಡಬ್ಬದಾಗ ಇಟ್ಟೀನಿ, ಮುಲಾಮು ನಡದೈತಿ. ಚಿಪ್ಪು ಮತ್ತ ತುಂಬಾಕ ತಿಂಗಳಾನುಗಟ್ಲೆ ಬೇಕಂತ, ವಾಸನಿ ಹೋಗಿ ಜಾಗಾ ಗಟ್ಟಿ ಒಣಗಿದ್ರ ಸಾಕು ಅಂದಾರ. ಅವ್ವಗೂ ತಿಳಿಸಿ ಹೇಳಿದೆ, ಈಗ ದಿನಾ ಆಕೀನ ಬ್ರಶ್ ಹಿಡದು ತೊಳೀತಾಳ.

ಮಡಗಾಂವ್_ಸುಮಾ
ನಮ್ಮದು ಮರಳಲ್ಲಿ ಆರು ಮೊಟ್ಟೆ ಇಟ್ಟಿದೆ! ಊಟವೂ ಶುರು. ಒಳಗೆ ಇನ್ನೂ ಉಳಿದಿದ್ಯಾ ಅಂತ ಹೇಗೆ ಗೊತ್ತಾಗೋದು?

ವೆಟ್_ಹುಡುಗ_ಪರೇಲ್
ತುಂಬಾ ಖುಷಿ ಆಯ್ತು! ಊಟ ಶುರು ಮಾಡಿ ಕೆರೆಯೋದು ನಿಲ್ಲಿಸಿದ್ರೆ ಸಾಮಾನ್ಯವಾಗಿ ಮುಗಿದ ಹಾಗೆ, ಆದ್ರೂ ಒಂದು ಎಕ್ಸ್‌ರೇ ತೆಗೆಸಿದ್ರೆ ಸಂಶಯ ಇರಲ್ಲ. ಮರಳಿನ ಟಬ್ ತೆಗೀಬೇಡಿ, ಕೆಲವು ವಾರ ಬಿಟ್ಟು ಇನ್ನೊಂದು ಸಲ ಇಡಬಹುದು. ಕಟಲ್ ಬೋನ್ ಹಾಕಿ, ಮೊಟ್ಟೆ ಚಿಪ್ಪಿಗೆ ಮೈಯ ಕ್ಯಾಲ್ಸಿಯಂ ಹೋಗಿರತ್ತೆ.

ಭಾಂಡುಪ್_ವಿದ್ಯಾ
ಇವತ್ತು ಚಿಂಟು ತಾನಾಗಿ ಪೆಲೆಟ್ ಹಿಡೀತು!! ಎರಡೂ ಕಣ್ಣು ಅರ್ಧ ತೆರೆದಿದೆ, ವಾಲುವುದು ಕಮ್ಮಿ ಆಗಿದೆ ಪೂರ್ತಿ ಹೋಗ್ಲಿಲ್ಲ. ಇನ್ನು ಇಂಜೆಕ್ಷನ್‌ಗೆ ಪರೇಲ್‌ವರೆಗೆ ಹೋಗ್ಬೇಕಾ, ಗುಣ ಆಗ್ತಾ ಉಂಟಲ್ಲ ಅಂತ ನಮ್ಮವ್ರು ಕೇಳ್ತಿದ್ದಾರೆ.

ಕೆರೆದಂಡೆ (ಪುಣೆ)
ಹೋಗಲೇಬೇಕು ವಿದ್ಯಾ ಅವ್ರೇ. ತಿನ್ನೋಕೆ ಶುರು ಮಾಡೋದು ಅರ್ಧ ದಾರಿ ಅಷ್ಟೇ, ಕೋರ್ಸ್ ಮಧ್ಯೆ ನಿಲ್ಲಿಸಿದ್ರೆ ಒಳಗೆ ಉಳಿದಿದ್ದು ಮತ್ತೆ ಎದ್ದು ಬರತ್ತೆ, ಆಗ ಅದೇ ಔಷಧಿ ಕೇಳದೇ ಹೋಗಬಹುದು. ಶಾಖವನ್ನೂ ಕೋರ್ಸ್ ಮುಗಿಯೋವರೆಗೆ ಇಳಿಸಬೇಡಿ.

ಭಾಂಡುಪ್_ವಿದ್ಯಾ
ಆಯ್ತು ಸರ್, ಪೂರ್ತಿ ಮುಗಿಸ್ತೇವೆ, ಆಮೇಲೆ ಪುನಃ ಎಕ್ಸ್‌ರೇ ಮಾಡಿ ನೋಡುವ ಅಂದಿದ್ದಾರೆ ಡಾಕ್ಟ್ರು. ಯುವಿಬಿ ಟ್ಯೂಬ್ ಆರ್ಡರ್ ಮಾಡಿದೆ, ಟ್ಯೂಬ್ ಮೇಲೆ ತಾರೀಕು ಬರೆದು ಅಂಟಿಸುವ ಕೆಲಸ ಮಗನಿಗೆ. ರೈಯವ್ರೆ, ನಿಮ್ಮ ಹತ್ರ ದೊಡ್ಡ ಫಿಲ್ಟರ್ ಒಂದು ಹಾಗೇ ಇದೆ ಅಂತ ಹಿಂದೆ ಯಾವಾಗ್ಲೋ ಬರೆದಿದ್ರಿ, ಇನ್ನೂ ಇದ್ರೆ ನನಗೆ ಬೇಕು, ಭಾನುವಾರ ಡೊಂಬಿವಲಿಗೆ ಬರ್ತೇನೆ.

ಡೊಂಬಿವಲಿ_ರೈ
ಉಂಟು ಉಂಟು, ಬನ್ನಿ. ಪಂಪ್ ಚಾಲೂ ಇದೆ, ಸ್ಪಂಜ್ ಮಾತ್ರ ಹೊಸತು ಹಾಕ್ಬೇಕು. ಬರುವಾಗ ಟ್ಯಾಂಕ್ ಉದ್ದ ಅಗಲ ಅಳೆದು ತನ್ನಿ, ಪೈಪ್ ಇಲ್ಲೇ ಕತ್ತರಿಸಿ ಕೊಡ್ತೇನೆ.